ಇಡೀ ಅಪಾರ್ಟ್‌ಮೆಂಟಿಗೆ ಒಂದೇ ಡ್ರಿಲ್ ಮಷಿನ್ ಸಾಕು

ಗಡಿಯಾರ, ಕರ್ಟನ್ ರಾಡ್, ವಾಟರ್ ಫಿಲ್ಟರ್ ಹಾಕೋಕೆ ವರ್ಷಕ್ಕೆ ಎರಡು ಮೂರು ಸಲ ಬೇಕಾಗೋ ಡ್ರಿಲ್ ಮನೆಮನೆಗೂ ಯಾಕೆ? ಮೂವತ್ತು ಮನೆಗೆ 13 ಎಂಎಂ ಚಕ್ (ಕೊರೆಯೋ ಕಡ್ಡಿ ಹಿಡಿಯೋ ಬಾಯಿ) ಇರೋ ಒಂದು ಇಂಪ್ಯಾಕ್ಟ್ ಡ್ರಿಲ್ ಧಾರಾಳ. ವೈರ್ ಇರೋದೇ ತಗೊಳ್ಳಿ. ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ರೆ ಬ್ಯಾಟರಿ ಕೆಡುತ್ತೆ.

ಮಷಿನ್ ಎಲ್ಲರದು, ಬಿಟ್ (ಕೊರೆಯೋ ಕಡ್ಡಿ) ಮಾತ್ರ ಅವರವರದು. ಜಗಳ ಹುಟ್ಟೋದೇ ಅಲ್ಲಿ. ಹ್ಯಾಮರ್ (ಕುಟ್ಟುತ್ತಾ ಕೊರೆಯೋ ಸ್ವಿಚ್) ಆನ್ ಮಾಡದೆ ಕಾಂಕ್ರೀಟಿಗೆ ಒತ್ತಿದ್ರೆ ಬಿಟ್ ಕಾದು, ತುದಿಯ ಗಟ್ಟಿ ಕಾರ್ಬೈಡ್ ತುಂಡು ಕಳಚಿಬೀಳುತ್ತೆ. 6 ಎಂಎಂ ಮೇಸನ್ರಿ ಬಿಟ್ (ಗೋಡೆ ಕೊರೆಯೋದು), ಅದೇ ಅಳತೆಯ ಪ್ಲಾಸ್ಟಿಕ್ ಪ್ಲಗ್ (ಸ್ಕ್ರೂ ಕಚ್ಚೋಕೆ ತೂತಿಗೆ ತುರುಕೋದು), ಇಷ್ಟರಲ್ಲಿ ಮುಕ್ಕಾಲು ಕೆಲಸ ಮುಗೀತು. ಟೈಲ್ಸ್ ಇದ್ದ ಕಡೆ ಉಲ್ಟಾ: ಮೊದಲು ಹ್ಯಾಮರ್ ಆಫ್, ಟೈಲ್ ದಾಟಿದ ಮೇಲೆ ಆನ್. ಇಲ್ಲಾಂದ್ರೆ ಬಿರುಕು ಗ್ಯಾರಂಟಿ.

ಎಲ್ಲಕ್ಕಿಂತ ಮೊದಲು ಕಳೆಯೋದು ಚಕ್ ಕೀ, ಅಂದ್ರೆ ಚಕ್ ಬಿಗಿ-ಸಡಿಲ ಮಾಡೋ ಕೀಲಿ. ಪ್ಲಗ್ ಪಿನ್ನಿಂದ ಒಂದು ಗೇಣು ಬಿಟ್ಟು ವೈರಿಗೇ ಕಟ್ಟಿಬಿಡಿ. ಬಿಟ್ ಬದಲಿಸೋಕೆ ಆಗ ಪ್ಲಗ್ ಕೀಳಲೇಬೇಕಾಗುತ್ತೆ, ಕೈಗೂ ಕ್ಷೇಮ.

ವಾಪಸ್ ಕೊಡೋ ಮುಂಚೆ ಗಾಳಿ ಕಿಂಡಿಯ ಸಿಮೆಂಟ್ ಧೂಳನ್ನ ಒಣ ಬ್ರಷ್ಷಿನಿಂದ ತೆಗೆಯಿರಿ. ಒಳಗೆ ಕಿಡಿ ಜಾಸ್ತಿ ಕಂಡ್ರೆ ಮುಚ್ಚಿಡಬೇಡಿ, ಗ್ರೂಪಲ್ಲಿ ಹೇಳಿ. ಸಾಮಾನ್ಯವಾಗಿ ಕಾರ್ಬನ್ ಬ್ರಷ್ (ಮೋಟಾರಿಗೆ ಕರೆಂಟ್ ಮುಟ್ಟಿಸೋ ಚಿಕ್ಕ ತುಂಡು) ಸವೆದಿರುತ್ತೆ. ಜೋಡಿಯಾಗಿ ಬದಲಿಸಿದ್ರೆ ಆಯ್ತು. ಹಾಗೇ ಓಡಿಸಿದ್ರೆ ಆರ್ಮೇಚರ್ (ಮೋಟಾರಿನ ತಿರುಗೋ ಭಾಗ) ಹಾಳಾಗಿ ದೊಡ್ಡ ಖರ್ಚಿಗೆ ಬರುತ್ತೆ.

ರಿಜಿಸ್ಟರ್ ಇಟ್ರೆ ಯಾರೂ ಬರೆಯಲ್ಲ. ತಗೊಂಡಾಗ ಒಂದು, ಕೊಟ್ಟಾಗ ಒಂದು ಫೋಟೋ ಗ್ರೂಪಿಗೆ ಹಾಕಿ, ಸಾಕು. ಒಂದು ದಿನಕ್ಕಿಂತ ಹೆಚ್ಚು ಇಟ್ಕೋಬೇಡಿ. ಮಧ್ಯಾಹ್ನ 2ರಿಂದ 4 ಗೋಡೆ ಕೊರೀಬೇಡಿ, ಮಕ್ಕಳು ಮಲಗಿರ್ತಾವೆ.