ಡೆಲ್‌ಗೆ ಮೊದಲು ಡಿಐಆರ್

ನಮ್ಮ ಮನೆಯ ಹಳೆಯ 486 ಕಂಪ್ಯೂಟರಿನಲ್ಲಿ ಇರುವುದು ಎಂಎಸ್-ಡಾಸ್ 6.22, ಅಂದರೆ ಕಮಾಂಡ್‌ಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಾರ್ಯಾಚರಣಾ ವ್ಯವಸ್ಥೆಯ 1994ರ ಆವೃತ್ತಿ. ಅದರಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಪತ್ರ, ಬಿಲ್ಲು, ಲೆಕ್ಕಗಳ ಕಡತಗಳನ್ನು ಓರಣವಾಗಿ ಜೋಡಿಸಿ ಫ್ಲಾಪಿಗೆ ಇಳಿಸಬೇಕಾಗಿತ್ತು. ನಾನು ಕಮಾಂಡ್‌ಗಳನ್ನು ಕಲಿತದ್ದು ಆ ಕೆಲಸ ಮಾಡುತ್ತಲೇ.

ಹೊಸ ಡೈರೆಕ್ಟರಿಗೆ (ಇಂದಿನ ಫೋಲ್ಡರ್) ಎಂಡಿ, ಒಳಹೋಗಲು ಸಿಡಿ, ಒಂದು ಹಂತ ಮೇಲೆ ಬರಲು ಸಿಡಿಯ ನಂತರ ಎರಡು ಚುಕ್ಕಿ. ಒಳಗೆ ಏನಾದರೂ ಉಳಿದಿದ್ದರೆ ಆರ್‌ಡಿ ಆ ಡೈರೆಕ್ಟರಿಯನ್ನು ತೆಗೆಯಲು ಒಪ್ಪುವುದಿಲ್ಲ. ಇವೆಲ್ಲ ಬೇಗ ಕೈಗೆ ಹತ್ತುತ್ತವೆ. ಎಚ್ಚರ ಬೇಕಾಗುವುದು ಅಳಿಸುವಾಗ.

ಡಾಸ್‌ನಲ್ಲಿ ಕಡತದ ಹೆಸರಿಗೆ ಎಂಟು ಅಕ್ಷರ, ಚುಕ್ಕಿಯ ನಂತರ ಮೂರು, ಅಷ್ಟೇ. ಹಾಗಾಗಿ ವಿಷಯಕ್ಕೆ ನಾಲ್ಕಕ್ಷರ, ವರ್ಷಕ್ಕೆ ಎರಡಂಕಿ ಎಂದು ನಿಯಮ ಮಾಡಿಕೊಂಡೆ. 1997ರ ಕಡತಗಳನ್ನಷ್ಟೇ ಅಳಿಸಬೇಕೆಂದಾಗ ಅಳಿಸುವ ಕಮಾಂಡ್ ಡೆಲ್ ಬಳಸಿ ‘ಡೆಲ್ *97.ಟಿಎಕ್ಸ್‌ಟಿ’ ಎಂದು ಬರೆಯುವುದು ಸಹಜ; ನಕ್ಷತ್ರ ಚಿಹ್ನೆ ಎಂದರೆ ಆ ಜಾಗದಲ್ಲಿ ಯಾವ ಅಕ್ಷರಗಳಿದ್ದರೂ ಸರಿ ಎಂದು. ನಾನು ಮೊದಲು ಅದೇ ಮಾದರಿಯನ್ನು, ಕಡತಗಳ ಪಟ್ಟಿ ತೋರಿಸುವ ಡಿಐಆರ್‌ಗೆ ಕೊಟ್ಟು ನೋಡಿದೆ. ಪರದೆಯ ಮೇಲೆ 97 ಮಾತ್ರವಲ್ಲ, 95, 96 ಎಲ್ಲವೂ ಸಾಲಾಗಿ ಬಂದವು! ನಕ್ಷತ್ರ ಚಿಹ್ನೆಯ ನಂತರ ಚುಕ್ಕಿಯವರೆಗೆ ಏನೇ ಬರೆದರೂ ಡಾಸ್ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಅದೇ ಸಾಲನ್ನು ಡೆಲ್‌ಗೆ ಕೊಟ್ಟಿದ್ದರೆ ಒಂದು ಮಾತೂ ಕೇಳದೆ ಎಲ್ಲವನ್ನೂ ಅಳಿಸುತ್ತಿತ್ತು. ‘ಖಚಿತವೇ’ ಎಂದು ಅದು ಕೇಳುವುದು *.* ಎಂದು ಇಡೀ ಡೈರೆಕ್ಟರಿಯನ್ನೇ ಅಳಿಸ ಹೊರಟಾಗ. ಸರಿಯಾದ ದಾರಿ ‘????97.ಟಿಎಕ್ಸ್‌ಟಿ’: ಪ್ರಶ್ನೆ ಚಿಹ್ನೆ ಒಂದಕ್ಕೆ ಒಂದು ಅಕ್ಷರ. ಹೆಸರಿಡುವ ನಿಯಮ ಮೊದಲೇ ಇದ್ದುದರಿಂದ ಇದು ಸಲೀಸಾಯಿತು.

ಅಳಿಸಿದ ಕಡತ ನಿಜವಾಗಿ ಎಲ್ಲಿ ಹೋಗುತ್ತದೆ ಎಂಬ ಕುತೂಹಲಕ್ಕೆ ಬೇಡದ ಕಡತವೊಂದನ್ನು ಅಳಿಸಿ ‘ಅನ್‌ಡಿಲೀಟ್’ ಕಮಾಂಡ್ ಕೊಟ್ಟೆ. ಹೆಸರು ಕಾಣಿಸಿತು, ಮೊದಲ ಅಕ್ಷರದ ಜಾಗದಲ್ಲಿ ಮಾತ್ರ ಪ್ರಶ್ನೆ ಚಿಹ್ನೆ. ಡಾಸ್ ಅಳಿಸುವಾಗ ಹೆಸರಿನ ಮೊದಲ ಅಕ್ಷರವನ್ನು ಬದಲಿಸಿ, ಆ ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ; ಒಳಗಿನ ಬರಹ ಡಿಸ್ಕಿನಲ್ಲೇ ಉಳಿದಿರುತ್ತದೆ. ಆ ಒಂದು ಅಕ್ಷರವನ್ನು ತುಂಬಿದೆ, ಕಡತ ಮರಳಿತು. ಹಾಗೆಂದು ಇದನ್ನು ನೆಚ್ಚಿಕೊಳ್ಳುವಂತಿಲ್ಲ. ನಡುವೆ ಬೇರೇನನ್ನಾದರೂ ಡಿಸ್ಕಿಗೆ ಬರೆದರೆ ಹಳೆಯದರ ಮೇಲೆ ಹೊಸದು ಕೂರಬಹುದು.

ಕಾಪಿ ಕಮಾಂಡಿನ ವಿಷಯದಲ್ಲೂ ಜಾಗ್ರತೆ ಬೇಕು. ಕಾಪಿ ಮಾಡುವ ಜಾಗದಲ್ಲಿ ಅದೇ ಹೆಸರಿನ ಕಡತ ಮೊದಲೇ ಇದ್ದರೆ, 6.2 ಆವೃತ್ತಿಯಿಂದ ಈಚೆಗೆ ಮಾತ್ರ ಡಾಸ್ ಅನುಮತಿ ಕೇಳುತ್ತದೆ; ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಸದ್ದಿಲ್ಲದೆ ಅದರ ಮೇಲೆಯೇ ಬರೆದುಬಿಡುತ್ತದೆ.

ಈಗ ನನ್ನ ಪದ್ಧತಿ ಹೀಗಿದೆ: 1.44 ಎಂಬಿ ಫ್ಲಾಪಿಗೆ ಕಾಪಿ ಮಾಡಿದ ಮೇಲೆ ‘ಎಫ್‌ಸಿ /ಬಿ’ ಕೊಟ್ಟು ಎರಡು ಕಡೆಯ ಕಡತಗಳನ್ನೂ ಹೋಲಿಸುತ್ತೇನೆ. ವ್ಯತ್ಯಾಸವಿಲ್ಲ ಎಂಬ ಸಾಲು ಬಂದ ನಂತರ ಡಿಐಆರ್, ಅದರ ನಂತರವೇ ಡೆಲ್.