ಮೊದಲು ಮಾಳಿಗೆಗೆ ಸುಣ್ಣ, ಆಮೇಲೆ ಕೂಲರ್

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು ತಪ್ಪಿತೆಂದು ಮನೆಗೆ ಬಂದರೆ ಆರ್‌ಸಿಸಿ ಮನೆಯೇ ಒಲೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಹತ್ತಾದರೂ ಝಳ ಬಿಡುತ್ತಲೇ ಇರುತ್ತದೆ. ಫ್ಯಾನು ಅದನ್ನೇ ಮೈಮೇಲೆ ಸುರಿಯುತ್ತದೆ. ದಪ್ಪ ಮಣ್ಣಿನ ಹಳೆಯ ಮಾಳಿಗೆಗೆ ಈ ರೋಗ ಇರಲಿಲ್ಲ. ಹಾಗಾಗಿ ಕೂಲರ್ ಅಂಗಡಿಗೆ ಹೋಗುವ ಮುಂಚೆ ಮಾಳಿಗೆ ಹತ್ತಿ.

ಮಾಳಿಗೆ ಗುಡಿಸಿ, ತೊಳೆದು, ಬಿರುಕು ಮುಚ್ಚಿಸಿ. ಸುಣ್ಣದ ಹರಳನ್ನು ಕಬ್ಬಿಣದ ಡ್ರಮ್ಮಿನಲ್ಲೇ ಅರಳಿಸಿ. ಅದು ಕುದಿಯುವ ಬಿಸಿಗೆ ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗುತ್ತದೆ. ನೀರು ಮೊದಲು, ಹರಳು ಆಮೇಲೆ, ಸ್ವಲ್ಪಸ್ವಲ್ಪವಾಗಿ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಹತ್ತಿರ ಬೇಡ. ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ, ತುಸು ಅಂಟು ಬೆರೆಸಿ. ಹೊತ್ತು ಇಳಿದ ಮೇಲೆ ನೆಲ ಒದ್ದೆ ಮಾಡಿ ಬಳಿಯಿರಿ. ಉರಿಬಿಸಿಲಲ್ಲಿ ಬಳಿದ ಸುಣ್ಣ ಹಿಡಿಯುವುದಿಲ್ಲ, ಪುಡಿಯಾಗಿ ಉದುರುತ್ತದೆ. ಮರುದಿನ ಎರಡನೇ ಕೋಟು. ಬಿಳಿ ಮಾಳಿಗೆ ಬಿಸಿಲಿನ ಬಹುಪಾಲನ್ನು ವಾಪಸ್ ಕಳಿಸುತ್ತದೆ, ಸ್ಲ್ಯಾಬ್ ಅಷ್ಟು ಕಾಯುವುದೇ ಇಲ್ಲ. ಅಲ್ಲೇ ಮಲಗುವ ರೂಢಿಯಿದ್ದವರು ತಾಡಪತ್ರಿ ಹಾಸಿಕೊಳ್ಳಿ, ಇಲ್ಲದಿದ್ದರೆ ಚಾದರವೆಲ್ಲ ಬೆಳ್ಳಗೆ!

ಕಿಟಕಿಗಳನ್ನು ಬೆಳಿಗ್ಗೆ ಎಂಟರೊಳಗೆ ಮುಚ್ಚಿ, ಹೊರಗೆ ತಂಪಾದ ಮೇಲೆ ತೆರೆಯಿರಿ. ಪಡುವಣ ಕಿಟಕಿಗೆ ಗೋಣಿಚೀಲವನ್ನು ಹೊರಗಡೆಯೇ ಕಟ್ಟಿ. ಒಳಗಿನ ಪರದೆ, ಬಿಸಿಲು ಗಾಜು ದಾಟಿ ಬಂದ ಮೇಲೆ ತಡೆದು ಏನು ಪ್ರಯೋಜನ? ಶಹಾಬಾದ್ ಕಲ್ಲಿನ ನೆಲವಿದ್ದರೆ ಜಮಖಾನ ಸುತ್ತಿಡಿ.

ಇನ್ನು ಕೂಲರ್. ನಮ್ಮದು ಒಣ ಸೆಖೆ, ಹಾಗಾಗಿ ನೀರು ಬೇಗ ಆವಿಯಾಗಿ ಗಾಳಿ ತಂಪಾಗುತ್ತದೆ. ಆದರೆ ಬಹಳ ಮನೆಗಳಲ್ಲಿ ಎಸಿಯಂತೆ ಬಾಗಿಲು ಮುಚ್ಚಿ ಕೂಲರ್ ಹಚ್ಚುತ್ತಾರೆ. ಅರ್ಧ ಗಂಟೆಗೆ ಮೈ ಅಂಟಂಟು. ಕೂಲರಿನ ಬೆನ್ನು ಕಿಟಕಿಯಿಂದ ಹೊರಗಿರಬೇಕು, ಎದುರಿನ ಕಿಟಕಿ ಗೇಣಗಲ ತೆರೆದಿರಬೇಕು. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ ಹುಲ್ಲನ್ನು ಬದಲಿಸಿ. ಡೆಂಗಿ ಸೊಳ್ಳೆಗೆ ನಿಂತ ನೀರೇ ತೊಟ್ಟಿಲು, ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ಉಜ್ಜಿ.

ಖರ್ಚಿನ ಮಾತು: ಒಂದೂವರೆ ಟನ್ ಎಸಿ ಜೋರಾಗಿ ಓಡುವಾಗ ಸುಮಾರು 1,500 ವ್ಯಾಟ್ ಎಳೆಯುತ್ತದೆ, ಮನೆಯ ಕೂಲರ್ 150ರಿಂದ 200. ಹಳೆಯ ಫ್ಯಾನು 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಿಮ್ಮ ತಲೆಗೆ. ಎಸಿ ಬೇಕೇಬೇಕೆಂದರೆ 24 ಡಿಗ್ರಿಗಿಂತ ಇಳಿಸಬೇಡಿ, ಅದೇ ಕೋಣೆಯಲ್ಲಿ ಕೂಲರ್ ಹಚ್ಚಬೇಡಿ. ಒಂದು ತುಂಬಿದ ತೇವವನ್ನು ಇನ್ನೊಂದು ಹಿಂಡುತ್ತ ಕೂರುತ್ತದೆ.

ಮಳೆ ಹಿಡಿದ ಮೇಲೆ ಕೂಲರಿನ ಪಂಪು ಬಂದ್ ಮಾಡಿ, ಬರೀ ಗಾಳಿ ಸಾಕು. ಸುಣ್ಣವೂ ಮಳೆಗೆ ತೊಳೆದುಹೋಗುತ್ತದೆ, ಹೋಗಲಿ. ಮಾಳಿಗೆ ನೀರು ಹಿಡಿಯುವವರು ಮಾತ್ರ ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಟ್ಟುಬಿಡಿ.