ಬಿಸಿಯೂಟದ ಮೇಲ್ವಿಚಾರಣೆ: ಉಗ್ರಾಣದಿಂದ ತಟ್ಟೆಯವರೆಗೆ ಪೋಷಕರು ನೋಡಬೇಕಾದದ್ದು

ಸರ್ಕಾರಿ ಶಾಲೆಯ ಬಿಸಿಯೂಟ ಹೇಗಿದೆ ಎಂದು ನೋಡಲು ಹೋಗುವವರು ಹೆಚ್ಚಾಗಿ ಊಟದ ಗಂಟೆ ಹೊಡೆಯುವ ಹೊತ್ತಿಗೆ ಹೋಗುತ್ತಾರೆ. ಮಕ್ಕಳ ಜೊತೆ ನಾಲ್ಕು ತುತ್ತು ಉಂಡು, ಉಪ್ಪು ಖಾರ ಸರಿಯಾಗಿದೆ ಎಂದು ಪುಸ್ತಕದಲ್ಲಿ ಬರೆದು, ಸಹಿ ಹಾಕಿ ಹಿಂದಿರುಗುತ್ತಾರೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯಳಾದ ಮೊದಲ ವರ್ಷ ನಾನೂ ಹಾಗೆಯೇ ಮಾಡುತ್ತಿದ್ದೆ. ಎಷ್ಟು ಅಕ್ಕಿ ಬೇಯಿತು, ಬೇಳೆ ಎಷ್ಟು ಬಿತ್ತು, ತರಕಾರಿ ಹೆಸರಿಗಷ್ಟೇ ಇತ್ತೋ ಇಲ್ಲವೋ ಎಂಬುದೆಲ್ಲ ಬೆಳಿಗ್ಗೆಯೇ ಉಗ್ರಾಣದ ಬಾಗಿಲಲ್ಲಿ ತೀರ್ಮಾನವಾಗಿರುತ್ತದೆ ಎಂಬುದು ತಿಳಿಯಲು ನನಗೆ ತಡವಾಯಿತು. ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಪೋಷಕರು ಆ ಬಾಗಿಲಿನಿಂದಲೇ ಆರಂಭಿಸಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕೇಳುವ ಹಕ್ಕು ಎಲ್ಲಿಂದ ಬಂತು

ಶಾಲೆಗೆ ಹೋಗಿ ಲೆಕ್ಕ ಕೇಳಲು ಅನೇಕ ತಾಯಂದಿರು ಹಿಂಜರಿಯುತ್ತಾರೆ. ಅವರು ಮೊದಲು ತಿಳಿಯಬೇಕಾದದ್ದು, ಈ ಊಟ ಯಾರೋ ಕೊಡುವ ದಾನವಲ್ಲ ಎಂಬುದನ್ನು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಯೋಜನೆಯನ್ನು ಆರಂಭಿಸಿದಾಗ ಬಹುತೇಕ ರಾಜ್ಯಗಳಲ್ಲಿ ಮಕ್ಕಳ ಕೈಗೆ ಸಿಗುತ್ತಿದ್ದದ್ದು ಬರೀ ಧಾನ್ಯ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಜಿಲ್ಲೆಗಳಿಂದ 'ಅಕ್ಷರ ದಾಸೋಹ' ಎಂಬ ಹೆಸರಿನಲ್ಲಿ ಬಿಸಿಯೂಟ ಶುರುವಾಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಈ ಊಟವನ್ನು ಮಕ್ಕಳ ಕಾನೂನುಬದ್ಧ ಹಕ್ಕಾಗಿಸಿತು. 2015ರ ಸೆಪ್ಟೆಂಬರ್‌ನಲ್ಲಿ ಹೊರಬಂದ ನಿಯಮಗಳು, ಊಟದ ಗುಣಮಟ್ಟ ಮತ್ತು ಶುಚಿತ್ವದ ಮೇಲೆ ನಿಗಾ ಇಡುವ ಹೊಣೆಯನ್ನು ಶಾಲಾ ಸಮಿತಿಗೆ ವಹಿಸಿದವು. 2021ರಿಂದ ಯೋಜನೆಯ ಹೆಸರು 'ಪಿಎಂ ಪೋಷಣ್' ಎಂದಾಗಿದ್ದರೂ ಆ ಹೊಣೆ ಹಾಗೆಯೇ ಇದೆ. ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುವುದರಿಂದ, ಲೆಕ್ಕ ಕೇಳುವುದು ನಮ್ಮ ಕರ್ತವ್ಯವೂ ಹೌದು.

ಮನೆಯಲ್ಲೇ ಒಂದು ಚೀಟಿ ಬರೆದುಕೊಳ್ಳಿ

ಶಾಲೆಗೆ ಹೊರಡುವ ಮೊದಲು ಒಂದು ಚೀಟಿಯಲ್ಲಿ ಅಳತೆಗಳನ್ನು ಬರೆದುಕೊಳ್ಳಿ. ಒಂದರಿಂದ ಐದನೇ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಸಲ್ಲಬೇಕು. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಇದು ಒಂದೂವರೆ ಪಟ್ಟು, ಅಂದರೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಇವೆಲ್ಲ ಬೇಯಿಸುವ ಮೊದಲಿನ ತೂಕ. ಚಿಕ್ಕವರಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ದೊಡ್ಡವರಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಸಿಗಬೇಕೆಂಬ ಲೆಕ್ಕದ ಮೇಲೆ ಈ ಪ್ರಮಾಣ ನಿಂತಿದೆ. ಧಾನ್ಯವನ್ನು ಬಿಟ್ಟು ಉಳಿದ ಸಾಮಗ್ರಿಗೆಂದು 2025ರ ಮೇ 1ರಿಂದ ಜಾರಿಯಾದ ದರ, ಕಿರಿಯರಿಗೆ ಮಗುವೊಂದಕ್ಕೆ ದಿನಕ್ಕೆ 6.78 ರೂಪಾಯಿ, ಎಂಟನೆಯವರೆಗಿನ ಹಿರಿಯರಿಗೆ 10.17 ರೂಪಾಯಿ. ಶಾಲಾ ಮಕ್ಕಳಿಗೆ ಹಾಲು ಕೊಡುವ ಕರ್ನಾಟಕದ ಕ್ಷೀರಭಾಗ್ಯ ಯೋಜನೆ ಇದರಿಂದ ಬೇರೆ. ಅದರಲ್ಲಿ 18 ಗ್ರಾಂ ಪುಡಿಯಿಂದ ಮಾಡಿದ 150 ಮಿ.ಲೀ. ಹಾಲು ಪ್ರತಿ ಮಗುವಿಗೆ ದೊರೆಯಬೇಕು.

ಈಗ ನಿಮ್ಮ ಶಾಲೆಯ ಸಂಖ್ಯೆಯಿಂದ ಗುಣಿಸಿ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಂದು 115 ಮಕ್ಕಳು ಹಾಜರಿದ್ದರೆ ಹನ್ನೊಂದೂವರೆ ಕೆ.ಜಿ. ಅಕ್ಕಿ, 2 ಕೆ.ಜಿ. 300 ಗ್ರಾಂ ಬೇಳೆ, ಐದೂಮುಕ್ಕಾಲು ಕೆ.ಜಿ. ತರಕಾರಿ ಒಲೆಯ ಮೇಲೇರಬೇಕು. ಹಾಲಿಗೆ 2 ಕೆ.ಜಿ.ಗಿಂತ ಸ್ವಲ್ಪ ಹೆಚ್ಚೇ ಪುಡಿ ಬೇಕು. ಸಾಂಬಾರು ನೀರಾಗಿದೆ, ಹಾಲು ತೆಳುವಾಗಿದೆ ಎಂದು ಬರೀ ಬಾಯಿಮಾತಿನಲ್ಲಿ ದೂರಿದರೆ ಅದು ಅವರವರ ರುಚಿಯ ಮಾತಾಗಿ ತೇಲಿಹೋಗುತ್ತದೆ. 'ಇಂದು 2 ಕೆ.ಜಿ. 300 ಗ್ರಾಂ ಬೇಳೆ ಹಾಕಬೇಕಿತ್ತು, ಒಂದೂವರೆ ಹಾಕಿದ್ದೀರಿ' ಎಂದು ಹೇಳಿದರೆ ಯಾರೂ ತಳ್ಳಿಹಾಕಲಾರರು.

ಉಗ್ರಾಣದಲ್ಲಿ: ಚೀಲ, ತಕ್ಕಡಿ, ವಹಿ

ತಿಂಗಳಲ್ಲಿ ಎರಡು ಸಲವಾದರೂ, ಮೊದಲೇ ಹೇಳದೆ, ಅಡುಗೆಗೆ ಅಕ್ಕಿ ತೆಗೆಯುವ ಹೊತ್ತಿಗೆ ಹೋಗಿ. ಶಾಲೆ ತಲುಪಿದ ಮೇಲೆ ಮುಖ್ಯ ಶಿಕ್ಷಕರಿಗೆ ತಿಳಿಸಿ, ಅವರ ಜೊತೆಯಲ್ಲೇ ಉಗ್ರಾಣಕ್ಕೆ ಹೋಗುವುದು ಸರಿಯಾದ ಕ್ರಮ. ಅಂದಿನ ಹಾಜರಾತಿ ವಹಿಯ ಒಟ್ಟು ಸಂಖ್ಯೆ, ದಾಸ್ತಾನು ವಹಿಯಲ್ಲಿ ಬರೆದ ಖರ್ಚು, ತಕ್ಕಡಿ ತೋರಿಸುವ ತೂಕ, ಈ ಮೂರನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೊಳ್ಳಿ. ಮಧ್ಯಾಹ್ನ ನೀವೇ ಎಣಿಸುವ ತಟ್ಟೆಗಳ ಸಂಖ್ಯೆ ನಾಲ್ಕನೆಯದು. ಊಟ ಮಾಡಿದವರ ಸಂಖ್ಯೆಯನ್ನು ಶಾಲೆಯವರು ಪ್ರತಿದಿನ ಮೇಲಿನ ಕಚೇರಿಗೂ ಕಳುಹಿಸಬೇಕಾಗಿರುವುದರಿಂದ, ಕಳುಹಿಸಿದ ಸಂಖ್ಯೆ ಯಾವುದೆಂದು ಕೇಳಿ ಅದನ್ನೂ ಸೇರಿಸಿ. ಇವು ಒಂದಕ್ಕೊಂದು ತಾಳೆಯಾದರೆ ಆ ದಿನದ ಕೆಲಸದ ಮುಕ್ಕಾಲು ಪಾಲು ಮುಗಿದಂತೆಯೇ.

ತಾಳೆಯಾಗದಿದ್ದರೆ ಆತುರದಿಂದ ಯಾರ ಮೇಲೂ ಬೆರಳು ತೋರಿಸಬೇಡಿ. ನಮ್ಮ ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಡುಗೆಯವರು ಅಕ್ಕಿಯನ್ನು ಒಂದು ಹಳೆಯ ಸ್ಟೀಲ್ ಡಬ್ಬಿಯಿಂದ ಅಳೆದು ಹಾಕುತ್ತಿದ್ದರು. ದಿನಕ್ಕೆ ಏಳು ಡಬ್ಬಿ, ವಹಿಯಲ್ಲಿ ಹನ್ನೊಂದೂವರೆ ಕೆ.ಜಿ. ಒಂದು ದಿನ ಆ ಡಬ್ಬಿಯನ್ನೇ ತಕ್ಕಡಿಯ ಮೇಲಿಟ್ಟು ನೋಡಿದೆವು. ಗೋಪುರ ಬರುವಂತೆ ತುಂಬಿದರೆ 1 ಕೆ.ಜಿ. 650 ಗ್ರಾಂ ಹಿಡಿಯುತ್ತಿತ್ತು, ಅಂಗೈಯಿಂದ ತಲೆ ಸವರಿದರೆ 1 ಕೆ.ಜಿ. 400 ಗ್ರಾಂ. ಅಡುಗೆಯಾಕೆ ಪ್ರತಿ ಸಲವೂ ಸವರಿಯೇ ಹಾಕುತ್ತಿದ್ದರು. ಹಾಗೆ ದಿನಕ್ಕೆ 1 ಕೆ.ಜಿ. 700 ಗ್ರಾಂ, ಅಂದರೆ ಹದಿನೇಳು ಮಕ್ಕಳ ಪಾಲು, ಹಂಡೆಗೆ ಬೀಳುತ್ತಲೇ ಇರಲಿಲ್ಲ. ಸಭೆಯಲ್ಲಿ ಕೆಲವರು ಆಕೆಯನ್ನು ಕೆಲಸದಿಂದ ತೆಗೆಯಬೇಕೆಂದರು. ಆಕೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಾಗ, "ಚೀಲಾನೇ ಕಮ್ಮಿ ಬರುತ್ತೆ ಅಕ್ಕ, ತಿಂಗಳ ಕೊನೇಲಿ ಪುಸ್ತಕಕ್ಕೆ ಲೆಕ್ಕ ಹೊಂದಬೇಕಲ್ಲ, ಅದಕ್ಕೇ ಸವರಿ ಹಾಕ್ತೀನಿ" ಎಂದರು. ಉಗ್ರಾಣದಲ್ಲಿದ್ದ ಬಿಚ್ಚದ ಚೀಲಗಳನ್ನು ತೂಗಿದೆವು. ಮೇಲೆ 50 ಕೆ.ಜಿ. ಎಂದು ಮುದ್ರಿಸಿದ್ದರೂ ಒಂದರಲ್ಲಿ 3 ಕೆ.ಜಿ. ಕಡಿಮೆ, ಇನ್ನೊಂದರಲ್ಲಿ ನಾಲ್ಕರ ಹತ್ತಿರ. ಲಾರಿಯಿಂದ ಇಳಿಸಿಕೊಳ್ಳುವಾಗ ತೂಗದೆ ಪೂರ್ತಿ ಬಂತೆಂದು ಸಹಿ ಮಾಡಿಕೊಟ್ಟಿದ್ದೆವು. ದಾರಿಯಲ್ಲಿ ಎಲ್ಲೋ ಆದ ಆ ಕೊರತೆ ಯಾರ ಲೆಕ್ಕದಲ್ಲೂ ಕಾಣಿಸಿಕೊಳ್ಳದೆ ಕೊನೆಗೆ ಮಕ್ಕಳ ತಟ್ಟೆಗೆ ಇಳಿಯುತ್ತಿತ್ತು.

ಆದ್ದರಿಂದ ಎಸ್‌ಡಿಎಂಸಿ ಮೊದಲು ಮಾಡಬೇಕಾದ ಖರ್ಚೆಂದರೆ ಒಂದು ಒಳ್ಳೆಯ ತಕ್ಕಡಿ ಎಂದೇ ನನ್ನ ಅಭಿಪ್ರಾಯ. ಧಾನ್ಯ ಬರುವ ದಿನ ಒಬ್ಬ ಪೋಷಕರಾದರೂ ಶಾಲೆಯಲ್ಲಿರಲಿ. ಚೀಲಗಳನ್ನು ಸರಬರಾಜು ಮಾಡಿದವರ ಎದುರಿಗೇ ತೂಗಿಸಿ, ರಸೀದಿಯ ಮೇಲೆ ನಿಜವಾಗಿ ಬಂದ ತೂಕವನ್ನೇ ಬರೆದು ಸಹಿ ಹಾಕಲಿ. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಸ್ವಲ್ಪ ದೂರ ಇಡಬೇಕು, ಹಳೆಯ ದಾಸ್ತಾನು ಮೊದಲು ಖರ್ಚಾಗಬೇಕು. ಎಣ್ಣೆ, ಬೇಳೆ, ಹಾಲಿನ ಪುಡಿಯ ಪೊಟ್ಟಣಗಳ ಮೇಲಿನ ದಿನಾಂಕವನ್ನು ಓದಿ ನೋಡಿ.

ಇಲ್ಲೇ ಇನ್ನೊಂದು ಮಾತು. ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಬಣ್ಣ ಬೇರೆಯಾದ ಕಾಳು ಕಂಡರೆ ಅದನ್ನು 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆಯುವುದನ್ನು ಅನೇಕ ಕಡೆ ನೋಡಿದ್ದೇನೆ. ಅವು ಸಾರವರ್ಧಿತ ಅಕ್ಕಿಯ ಕಾಳುಗಳು. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ ಕಾಳಿನ ಆಕಾರ ಕೊಟ್ಟು, ಸಾಮಾನ್ಯವಾಗಿ 100 ಕೆ.ಜಿ.ಗೆ 1 ಕೆ.ಜಿ.ಯಂತೆ ಸೇರಿಸಿರುತ್ತಾರೆ. ರಕ್ತಹೀನತೆ ಇರುವ ಮಕ್ಕಳಿಗೆಂದು ಸೇರಿಸಿದ್ದನ್ನು ನಾವೇ ಆರಿಸಿ ಎಸೆಯುವುದು ದುಃಖದ ಸಂಗತಿ. ಅಡುಗೆಯವರಿಗೂ ಮಕ್ಕಳಿಗೂ ಇದನ್ನು ತಿಳಿಸಿಹೇಳಿ.

ಅಡುಗೆಮನೆ ಮತ್ತು ರುಚಿ ನೋಡುವ ಕೆಲಸ

2013ರ ಜುಲೈ 16ರಂದು ಬಿಹಾರದ ಸಾರನ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತು. ಊಟವನ್ನು ಮಕ್ಕಳಿಗಿಂತ ಮೊದಲು ದೊಡ್ಡವರು ಉಣ್ಣಬೇಕೆಂಬ ನಿಯಮವನ್ನು ಸಹಿ ಹಾಕುವ ಶಾಸ್ತ್ರವಾಗಿ ನೋಡಬಾರದು ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಡ. ಶಿಕ್ಷಕರೊಬ್ಬರು, ಸಾಧ್ಯವಾದರೆ ಜೊತೆಗೆ ಪೋಷಕರೊಬ್ಬರು, ಅನ್ನವನ್ನೂ ಸಾಂಬಾರನ್ನೂ ಉಂಡು, ಸ್ವಲ್ಪ ಹೊತ್ತು ಕಾದು, ಅನಂತರ ಬಡಿಸಲು ಹೇಳಬೇಕು. ಉಂಡ ಹೊತ್ತನ್ನು ರುಚಿ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕದಲ್ಲಿ ಇಡೀ ತಿಂಗಳ ಸಹಿಗಳು ಒಂದೇ ಪೆನ್ನಿನಲ್ಲಿ, ಒಂದೇ ದಿನ ಹಾಕಿದಂತೆ ಕಂಡರೆ ಆ ವಿಷಯವನ್ನು ಸಭೆಯಲ್ಲಿ ಎತ್ತಿ.

ಎಣ್ಣೆಯ ಡಬ್ಬ ಹಿಂದೆ ಯಾವುದಕ್ಕೆ ಬಳಕೆಯಾಗಿತ್ತು, ಫಿನೈಲ್ ಮತ್ತು ಬ್ಲೀಚಿಂಗ್ ಪೌಡರ್ ಅಡುಗೆ ಸಾಮಾನಿನ ಪಕ್ಕದಲ್ಲೇ ಇದೆಯೇ, ನೀರಿನ ತೊಟ್ಟಿ ಕಳೆದ ಸಲ ಯಾವಾಗ ತೊಳೆದದ್ದು, ಗ್ಯಾಸ್ ಪೈಪಿನಲ್ಲಿ ಬಿರುಕಿದೆಯೇ, ಹಂಡೆಗಳಿಗೆ ಮುಚ್ಚಳ ಇದೆಯೇ ಎಂಬುದನ್ನು ಒಂದು ಸುತ್ತು ಹಾಕಿ ನೋಡಿದರೆ ಸಾಕು.

ಅಡುಗೆಯವರ ಸಂಖ್ಯೆಗೂ ಒಂದು ಲೆಕ್ಕವಿದೆ. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಮುಂದಿನ ಪ್ರತಿ ನೂರಕ್ಕೆ ಮತ್ತೊಬ್ಬರು. 115 ಮಕ್ಕಳ ಶಾಲೆಯಲ್ಲಿ ಮೂವರಿರಬೇಕಾದಲ್ಲಿ ಇಬ್ಬರೇ ದುಡಿಯುತ್ತಿದ್ದರೆ ತರಕಾರಿ ಸರಿಯಾಗಿ ತೊಳೆಯಲಿಲ್ಲವೆಂದು ಅವರನ್ನು ಗದರುವುದು ನ್ಯಾಯವಲ್ಲ. ಕೇಂದ್ರ ಸರ್ಕಾರ ಇವರಿಗೆ 2009ರಲ್ಲಿ ಗೊತ್ತುಮಾಡಿದ ಮೂಲ ಗೌರವಧನ ತಿಂಗಳಿಗೆ ಬರೀ 1000 ರೂಪಾಯಿ. ರಾಜ್ಯ ಅದರ ಮೇಲೆ ಸೇರಿಸಿ ಕೊಡುತ್ತದೆ. ಅದು ತಿಂಗಳು ತಿಂಗಳೂ ಕೈಸೇರುತ್ತಿದೆಯೇ ಎಂದು ವಿಚಾರಿಸುವುದೂ ಮೇಲ್ವಿಚಾರಣೆಯ ಒಂದು ಭಾಗವೇ.

ಬಡಿಸುವಾಗ

ತಟ್ಟೆಗಳನ್ನು ಎಣಿಸಿದ ಮೇಲೆ ಪಂಕ್ತಿಯನ್ನು ನೋಡಿ. ಯಾವ ಮಕ್ಕಳು ಪ್ರತಿದಿನವೂ ಒಂದೇ ಮೂಲೆಯಲ್ಲಿ ಕೂರುತ್ತಾರೆ, ಯಾರ ತಟ್ಟೆಗೆ ಸೌಟು ಮೇಲಿನಿಂದ ಬೀಳುತ್ತದೆ, ಎರಡನೇ ಸಲ ಕೇಳಲು ಯಾರು ಅಂಜುತ್ತಾರೆ ಎಂಬುದು ಯಾವ ವಹಿಯಲ್ಲೂ ಬರೆದಿರುವುದಿಲ್ಲ. ಅಡುಗೆ ಮಾಡಿದವರ ಜಾತಿಯ ಕಾರಣಕ್ಕೆ ಮಕ್ಕಳನ್ನು ಊಟದಿಂದ ಎಬ್ಬಿಸಿಕೊಂಡು ಹೋಗುವ ಪೋಷಕರು ಇಂದಿಗೂ ಇದ್ದಾರೆ. ಅಂಥ ದಿನ ಎಸ್‌ಡಿಎಂಸಿ ಸದಸ್ಯರೇ ಅದೇ ಪಂಕ್ತಿಯಲ್ಲಿ ಕುಳಿತು, ಅದೇ ಕೈಯಿಂದ ಬಡಿಸಿಕೊಂಡು ಉಣ್ಣಬೇಕು. ಸಭೆಯ ನಿರ್ಣಯಕ್ಕಿಂತ ಇದರ ಪರಿಣಾಮ ಬೇಗ ಆಗುತ್ತದೆ.

ಮೊಟ್ಟೆಯ ದಿನ ಮೊಟ್ಟೆ ತಿನ್ನುವವರು, ಬಾಳೆಹಣ್ಣು ತೆಗೆದುಕೊಳ್ಳುವವರು ಎಷ್ಟೆಷ್ಟು ಮಂದಿ ಎಂದು ಬೇರೆ ಬೇರೆ ಎಣಿಸಿ, ಖರೀದಿಯ ಬಿಲ್ಲಿಗೆ ಹೋಲಿಸಿ. ಒಡೆದ ಮೊಟ್ಟೆಗೆ ಬದಲಿ ಸಿಕ್ಕಿತೇ ಎಂದು ಚಿಕ್ಕ ತರಗತಿಯ ಮಕ್ಕಳನ್ನೇ ಕೇಳಿ. ಅವರು ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ.

ಲೆಕ್ಕ ತಪ್ಪಿದಾಗ

ಕಂಡದ್ದನ್ನು ದಿನಾಂಕ, ಹೊತ್ತು, ತೂಕ ಸಮೇತ ಅಂದೇ ಬರೆದಿಡಿ. ಮೊದಲು ಮುಖ್ಯ ಶಿಕ್ಷಕರ ಜೊತೆ ಮಾತನಾಡಿ, ಅನಂತರ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ದಾಖಲಿಸಿ, ಅದರ ಪ್ರತಿಯೊಂದಿಗೆ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಬಂದ ಧಾನ್ಯ, ಖರ್ಚಾದ ಧಾನ್ಯ, ಉಂಡ ಮಕ್ಕಳ ಸಂಖ್ಯೆ, ಅಂದಿನ ಆಹಾರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಫಲಕದಲ್ಲಿ ಬರೆಯುವುದು ಶಾಲೆಯ ಕರ್ತವ್ಯ. ಫಲಕ ಖಾಲಿಯಿದ್ದು, ಕೇಳಿದರೂ ಲೆಕ್ಕ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಬರಬೇಕು.

ಊಟವೇ ಆಗದ ದಿನಗಳ ಪಟ್ಟಿಯನ್ನು ಬೇರೆಯಾಗಿ ಇಡಿ. ಅಕ್ಕಿ ಇರಲಿಲ್ಲ, ಗ್ಯಾಸ್ ಮುಗಿದಿತ್ತು, ಅಡುಗೆಯವರು ಬಂದಿರಲಿಲ್ಲ ಎಂಬ ಕಾರಣಗಳಿಂದ ಶಾಲಾ ದಿನದಲ್ಲಿ ಊಟ ತಪ್ಪಿದರೆ, ಆ ದಿನದ ಧಾನ್ಯ ಮತ್ತು ಅಡುಗೆ ವೆಚ್ಚ ಎರಡನ್ನೂ ಆಹಾರ ಭದ್ರತಾ ಭತ್ಯೆಯಾಗಿ ಮುಂದಿನ ತಿಂಗಳ 15ರೊಳಗೆ ಮಕ್ಕಳಿಗೆ ಕೊಡಬೇಕೆಂದು 2015ರ ನಿಯಮ ಹೇಳುತ್ತದೆ. ಮಗು ತಾನಾಗಿಯೇ ಊಟ ಬೇಡವೆಂದರೆ ಈ ಭತ್ಯೆ ಸಿಗುವುದಿಲ್ಲ. ಸತತ ಮೂರು ಶಾಲಾ ದಿನ, ಅಥವಾ ತಿಂಗಳಲ್ಲಿ ಒಟ್ಟು ಐದು ದಿನ ಊಟ ತಪ್ಪಿದ್ದರೆ ರಾಜ್ಯ ಸರ್ಕಾರ ಅದಕ್ಕೆ ಹೊಣೆ ಯಾರೆಂದು ನಿಗದಿಪಡಿಸಲೇಬೇಕು. ಅದಕ್ಕೆ ಆಧಾರವಾಗಿ ತಪ್ಪಿದ ಪ್ರತಿ ದಿನದ ದಿನಾಂಕ, ಕಾರಣ, ಅಂದು ಹಾಜರಿದ್ದ ಮಕ್ಕಳ ಸಂಖ್ಯೆಯ ಕೆಳಗೆ ಇಬ್ಬರು ಪೋಷಕರ ಸಹಿ ಇರಲಿ.